ಭರಣಿ ಮಳೆಯೂ ಹಿತ್ತಲ ದ್ರಾಕ್ಷಿ ಚಪ್ಪರವೂ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಹೊಲ ಉಳುವವರಿಗೆ ಅದು ನಿಜ. ಚಪ್ಪರದಲ್ಲಿ ದ್ರಾಕ್ಷಿ ಹಣ್ಣಾಗುತ್ತಿರುವ ಮನೆಯವರಿಗೆ ಮಾತ್ರ ಏಪ್ರಿಲ್ ಕೊನೆಯಿಂದ ಮೇ ಮುಗಿಯುವವರೆಗೆ ಕಣ್ಣೆಲ್ಲ ಆಕಾಶದ ಮೇಲೆ. ಮಧ್ಯಾಹ್ನ ಸುಡು ಬಿಸಿಲು, ಸಂಜೆ ನಂದಿಬೆಟ್ಟದ ಕಡೆ ಕಪ್ಪು ಮೋಡ, ಹಿಂದೆಯೇ ಗಾಳಿ, ಒಮ್ಮೊಮ್ಮೆ ಆಲಿಕಲ್ಲು. ದೇವನಹಳ್ಳಿ ಕಡೆಯ ನಮ್ಮ ಹಿತ್ತಲಲ್ಲಿ ಬೆಂಗಳೂರು ನೀಲಿ ಎಂಬ ದ್ರಾಕ್ಷಿ ತಳಿಯ ಮೂರು ಬಳ್ಳಿಗಳಿವೆ. ಕಲ್ಲುಕಂಬ ನೆಟ್ಟು ತಂತಿ ಎಳೆದ ಚಪ್ಪರ. ಇಷ್ಟು ವರ್ಷ ಅದರ ಕೆಳಗೆ ನಿಂತು ನಾನು ಕಂಡದ್ದು ಇದು: ಮಳೆಗಿಂತ ಹೆಚ್ಚು ಕೆಡಿಸುವುದು ಮಳೆಗೆ ಮುಂಚೆ ನಾವು ನೀರು ತಪ್ಪಿಸಿದ್ದು, ಮಳೆ ನಿಂತ ಮೇಲೆ ಎಲೆ ಬೇಗ ಒಣಗದೇ ಇದ್ದದ್ದು.

ಒಂದು ವರ್ಷ ಮದುವೆಗೆಂದು ಮನೆಮಂದಿಯೆಲ್ಲ ಹತ್ತು ದಿನ ಊರು ಬಿಟ್ಟಿದ್ದೆವು. ಪಾತಿ ಬಿರುಕು ಬಿಟ್ಟಿತ್ತು. ನಾವು ಮರಳಿದ ರಾತ್ರಿಯೇ ಜೋರು ಮಳೆ. ಎರಡು ದಿನಕ್ಕೆ ಗೊಂಚಲು ಎತ್ತಿ ನೋಡಿದರೆ, ತೊಟ್ಟಿನ ಬುಡದಿಂದ ಸಿಪ್ಪೆ ಸೀಳಿ ರಸ ಪಕ್ಕದ ಕಾಯಿಗೆ ಇಳಿದಿತ್ತು. ಸಣ್ಣ ನೊಣ ಮುತ್ತಿ, ಹುಳಿ ವಾಸನೆ ಬರುತ್ತಿತ್ತು. ಒಣಗಿದ ಬೇರು ಒಮ್ಮೆಲೇ ನೀರು ಹೀರಿದರೆ ಕಾಯಿ ಉಬ್ಬುತ್ತದೆ, ಸಿಪ್ಪೆ ತಡೆಯುವುದಿಲ್ಲ. ಅದಕ್ಕೇ ಬೇಸಿಗೆಯಲ್ಲಿ ಪಾತಿ ಪೂರ್ತಿ ಒಣಗಲು ಬಿಡಬೇಡಿ. ಬೆಳಗ್ಗೆಯೇ ಹದವಾಗಿ ನೀರು ಕೊಡಿ, ಮೇಲೆ ರಾಗಿ ಹುಲ್ಲೋ ಹೊಂಗೆ ಸೊಪ್ಪೋ ನಾಲ್ಕು ಬೆರಳು ದಪ್ಪ ಹಾಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಬಿರಿದ ಕಾಯಿ ಕಂಡರೆ ಚಿಕ್ಕ ಕತ್ತರಿಯಿಂದ ಅದೊಂದನ್ನೇ ತೆಗೆಯಿರಿ. ಕೈಯಿಂದ ಕಿತ್ತರೆ ಪಕ್ಕದ್ದೂ ಹರಿಯುತ್ತದೆ.

ಚಪ್ಪರದ ಕೆಳಗೆ ನಿಂತು ನೋಡಿದಾಗ ನೆಲದ ಮೇಲೆ ಬಿಸಿಲಿನ ಚುಕ್ಕೆಗಳು ಆಡುತ್ತಿರಬೇಕು. ಕಗ್ಗತ್ತಲೆಯಿದ್ದರೆ ಪಕ್ಕದ ಎಳೆ ಕುಡಿಗಳನ್ನು ಚಿವುಟಿ ಗಾಳಿಗೆ ದಾರಿ ಮಾಡಿ. ಆದರೆ ಗೊಂಚಲಿನ ಮೇಲಿನ ಎಲೆ ಪೂರಾ ತೆಗೆದರೆ ಮೇ ಬಿಸಿಲಿಗೆ ಕಾಯಿ ಬೇಯುತ್ತದೆ. ಮಳೆ ನಿಂತ ಮರುದಿನದಿಂದ ಎಲೆ ತಿರುಗಿಸಿ ನೋಡುವುದು ನನ್ನ ರೂಢಿ. ಮೇಲೆ ಎಣ್ಣೆ ತೊಟ್ಟಿಕ್ಕಿದಂಥ ಹಳದಿ ಮಚ್ಚೆ, ಕೆಳಗೆ ಬಿಳಿ ತುಪ್ಪಟ ಇದ್ದರೆ ಅದು ಬೂಜು ತುಪ್ಪಟ ರೋಗ. ನಮ್ಮ ನೀಲಿ ದ್ರಾಕ್ಷಿಗೆ ದೊಡ್ಡ ಶತ್ರು ಅದೇ. ಅಂಥ ಎಲೆ ಕಿತ್ತು ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ.

ಬೋರ್ಡೋ ದ್ರಾವಣ ಹೊಡೆಯುವುದು ರೋಗ ಬರುವ ಮುಂಚೆ. ಮೈಲುತುತ್ತ 100 ಗ್ರಾಂ, ಸುಣ್ಣ 100 ಗ್ರಾಂ, ಒಟ್ಟು 10 ಲೀಟರ್ ನೀರು. ಎಳೆ ಚಿಗುರಿಗಾದರೆ ಎರಡೂ ಅರ್ಧ. ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಬೇರೆ ಬೇರೆ ಕರಗಿಸಿ ಕೂಡಿಸಿ. ಉಜ್ಜಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ. ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ಮಾಡಿದ ದಿನವೇ ಮುಗಿಸಿ. ಒದ್ದೆ ಎಲೆಗೆ ಹೊಡೆದರೆ ಎಲೆ ಸುಟ್ಟಂತಾಗುತ್ತದೆ, ಆದ್ದರಿಂದ ತಿಳಿ ಬಿಸಿಲಿನ ಬೆಳಗ್ಗೆಯೇ ಸರಿ. ಕಾಯಿ ಬಣ್ಣಕ್ಕೆ ತಿರುಗಿದ ಮೇಲೆ ಬೇಡವೇ ಬೇಡ. ನೀಲಿ ಕಲೆ ಉಳಿಯುತ್ತದೆ, ಅದನ್ನು ತಿನ್ನುವವರು ಮನೆಮಕ್ಕಳು.

ಆಲಿಕಲ್ಲಿಗೆ ನಾನು ಹಳೆಯ ವಾಯಿಲ್ ಸೀರೆಗಳನ್ನು ಚಪ್ಪರದಿಂದ ಒಂದು ಮೊಳ ಮೇಲೆ ಇಳಿಜಾರಾಗಿ ಕಟ್ಟುತ್ತೇನೆ. ಬಿದ್ದ ಕಲ್ಲು ಜಾರಿ ಅಂಚಿಗೆ ಹೋಗುತ್ತದೆ, ಹಕ್ಕಿಗೂ ಅದೇ ತಡೆ. ಮಳೆ ನಿಂತ ಕೂಡಲೇ ಬಿಚ್ಚಬೇಕು, ಇಲ್ಲವಾದರೆ ಒಳಗೆ ಸೆಕೆ ಕಟ್ಟುತ್ತದೆ. ಕಲ್ಲಿನ ಏಟಿಗೆ ಬಳ್ಳಿ ಹರಿದಿದ್ದರೆ ಗಾಬರಿಯಲ್ಲಿ ಬುಡದವರೆಗೆ ಕತ್ತರಿಸಬೇಡಿ. ಮುರಿದು ನೇತಾಡುವುದನ್ನಷ್ಟೇ ತೆಗೆದು ಹತ್ತು ದಿನ ಕಾಯಿರಿ, ಯಾವ ಕಣ್ಣು ಚಿಗುರುತ್ತದೆಂದು ಬಳ್ಳಿಯೇ ತೋರಿಸುತ್ತದೆ.

ಮಳೆಗೆ ಹೆದರಿ ಅರೆಹಣ್ಣು ಕೊಯ್ಯಬೇಡಿ. ದ್ರಾಕ್ಷಿ ಕೊಯ್ದ ಮೇಲೆ ಸಿಹಿಯಾಗುವುದಿಲ್ಲ, ಬಣ್ಣವೋ ಸಿಹಿಗಿಂತ ಮೊದಲೇ ಬಂದುಬಿಡುತ್ತದೆ. ಗೊಂಚಲಿನ ತುದಿಯ ಕಾಯಿ ಬಾಯಿಗೆ ಹಾಕಿ ನೋಡಿ. ಅದು ಸಿಹಿಯಿದ್ದರೆ, ಇಬ್ಬನಿ ಆರಿದ ಮೇಲೆ ತೊಟ್ಟು ಹಿಡಿದು ಕತ್ತರಿಸಿ.