ಒಮಾಹಾ ಪೋಕರ್‌ನಲ್ಲಿ ಲೂಸ್ ಆಗಿ, ಜೋರಾಗಿ ಆಡುವುದು: ನನ್ನ ಅನುಭವ

ಒಮಾಹಾದಲ್ಲಿ ಕೈಗೆ ನಾಲ್ಕು ಎಲೆ ಬರುತ್ತವೆ. ಅದರಲ್ಲಿ ಎರಡನ್ನು ಮಾತ್ರ ಬಳಸಬೇಕು, ಉಳಿದ ಮೂರು ಬೋರ್ಡಿನಿಂದ, ಅಂದರೆ ಎಲ್ಲರಿಗೂ ಸೇರಿ ಮೇಜಿನ ಮೇಲೆ ಬಿಚ್ಚಿಡುವ ಐದು ಎಲೆಗಳಿಂದ. ನಾಲ್ಕು ಎಲೆಯಲ್ಲಿ ಆರು ಜೋಡಿ ಆಗುತ್ತವಲ್ಲ, ಅದಕ್ಕೇ ಯಾವ ಕೈ ಬಂದರೂ ಆಡೋಣ ಅನ್ನಿಸುತ್ತದೆ. ಮೈಸೂರಿನ ನಮ್ಮ ಗೆಳೆಯರ ಗುಂಪು ಈ ಆಟಕ್ಕೆ ಬಂದದ್ದು ರಮ್ಮಿಯಿಂದ. ಎಲೆ ಕಂಡರೆ ಸಾಕು, ಕಣ್ಣು ತಾನಾಗಿಯೇ ಸೀಕ್ವೆನ್ಸ್ ಹುಡುಕುತ್ತದೆ. ಆ ಅಭ್ಯಾಸ ಇಲ್ಲಿ ನನಗೆ ತುಂಬಾ ಕೆಲಸಕ್ಕೆ ಬಂತು.

ನನ್ನದು ಲೂಸ್ ಆಟವೇ, ಅಂದರೆ ಹೆಚ್ಚು ಕೈಗಳನ್ನು ಆಡುತ್ತೇನೆ. ಆದರೆ ಎಲ್ಲಾ ಜಾಗದಲ್ಲೂ ಹಾಗೆ ಆಡುವುದಿಲ್ಲ. ಆರು ಜನರ ಟೇಬಲ್ಲಿನಲ್ಲಿ ಮೊದಲು ಆಡಬೇಕಾದ ಸೀಟಿನಲ್ಲಿದ್ದರೆ ಬಿಗಿಯಾಗಿ ಇರುತ್ತೇನೆ. ಬಟನ್ (ಕೊನೆಗೆ ಆಡುವ ಸೀಟಿನ ಗುರುತು) ನನ್ನ ಹತ್ತಿರ ಬಂದಾಗ ಹೆಚ್ಚು ಕಡಿಮೆ ಅರ್ಧದಷ್ಟು ಕೈಗಳಿಗೆ ರೈಸ್ ಮಾಡುತ್ತೇನೆ, ಅಂದರೆ ಪಣ ಏರಿಸುತ್ತೇನೆ. ಫ್ಲಾಪ್ (ಬೋರ್ಡಿನ ಮೊದಲ ಮೂರು ಎಲೆ) ಆದ ಮೇಲೆ ಪ್ರತಿ ಸುತ್ತಿನಲ್ಲೂ ಉಳಿದವರು ಏನು ಮಾಡಿದರು ಅಂತ ನೋಡಿಯೇ ನಾನು ಆಡಬಹುದು. ಇದಕ್ಕಿಂತ ದೊಡ್ಡ ಅನುಕೂಲ ಈ ಆಟದಲ್ಲಿ ಇನ್ನೊಂದಿಲ್ಲ.

ಕೈ ಆರಿಸುವಾಗ ನಾಲ್ಕೂ ಎಲೆ ಒಂದಕ್ಕೊಂದು ಹೊಂದುತ್ತವಾ ಅಂತ ನೋಡುತ್ತೇನೆ. 8-7-6-5 ಬಂದು, ಎರಡೆರಡು ಒಂದೇ ಸೂಟ್ ಆಗಿದ್ದರೆ ಖುಷಿಯಾಗಿ ರೈಸ್. ಗುಲಾಮ-10-7-6 ಕೂಡ ನನಗೆ ಇಷ್ಟ. ಫ್ಲಾಪ್ 9-8-2 ಬಿತ್ತು ಅನ್ನಿ. ಆಗ 5, 6, 7, 10, ಗುಲಾಮ, ರಾಣಿ ಯಾವುದು ಬಂದರೂ ಸ್ಟ್ರೇಟ್, ಅಂದರೆ ಸಾಲಾಗಿ ಐದು ಎಲೆ. ಒಟ್ಟು 20 ಎಲೆ! ಇನ್ನೆರಡು ಎಲೆ ಬೀಳುವಷ್ಟರಲ್ಲಿ ಅದರಲ್ಲೊಂದು ಬರುವ ಸಾಧ್ಯತೆ ಸುಮಾರು ಶೇ. 70. ಇಂಥ ಕಡೆ ನಾನು ಪಾಟಿನಲ್ಲಿ (ಮಧ್ಯೆ ಸೇರಿದ ಪಣದಲ್ಲಿ) ಇರುವಷ್ಟೂ ಬೆಟ್ ಹಾಕುತ್ತೇನೆ. ಎದುರಿನವರು ಎಸೆದರೆ ಅಲ್ಲೇ ಗೆದ್ದೆ, ಕಾಲ್ ಮಾಡಿದರೂ (ಅಷ್ಟೇ ಕಟ್ಟಿ ಆಟದಲ್ಲಿ ಉಳಿದರೂ) ನನ್ನ ಕೈಯಲ್ಲಿ ಬಲವಿದೆ.

ಆದರೆ ಆ 20ರಲ್ಲೂ ಎಣಿಕೆ ಮಾಡಬೇಕು. 5, 6, 7, ರಾಣಿ ಬಂದರೆ ನನ್ನದೇ ಎಲ್ಲಕ್ಕಿಂತ ದೊಡ್ಡ ಸ್ಟ್ರೇಟ್. ಅಂಥವು 14. 10 ಬಂದರೆ ರಾಣಿ-ಗುಲಾಮ ಹಿಡಿದವರು, ಗುಲಾಮ ಬಂದರೆ ರಾಣಿ-10 ಹಿಡಿದವರು ನನ್ನನ್ನು ಸೋಲಿಸುತ್ತಾರೆ. ಬೋರ್ಡಿನಲ್ಲಿ ಜೋಡಿ ಬಿದ್ದರೆ ಫುಲ್‌ಹೌಸ್ (ಒಂದೇ ಅಂಕಿಯ ಮೂರು ಎಲೆ, ಜೊತೆಗೆ ಒಂದು ಜೋಡಿ) ಭಯ ಬೇರೆ; ಅದು ಸ್ಟ್ರೇಟನ್ನು ಸೋಲಿಸುತ್ತದೆ. ಜೋರಾಗಿ ಆಡುವವರು ಈ ಲೆಕ್ಕವನ್ನು ಬೆಟ್ ಹಾಕುವ ಮೊದಲೇ ಮುಗಿಸಿರಬೇಕು, ಅಲ್ವಾ? ಸಣ್ಣ ಫ್ಲಶ್ (ಒಂದೇ ಸೂಟಿನ ಐದು ಎಲೆ), ಕೆಳಗಿನ ಸೆಟ್ (ಒಂದೇ ಅಂಕಿಯ ಮೂರು ಚಿಕ್ಕ ಎಲೆ) ಹಿಡಿದುಕೊಂಡು ನಾಲ್ಕು ಜನರ ಪಾಟಿನಲ್ಲಿ ಗದ್ದಲ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಬ್ಲಫ್‌ಗೆ ನಾನು ನಂಬುವುದು ಒಂಟಿ ಎಕ್ಕವನ್ನು. ಬೋರ್ಡಿನಲ್ಲಿ ಒಂದೇ ಸೂಟಿನ ಮೂರು ಎಲೆ ಇವೆ, ಆ ಸೂಟಿನ ಎಕ್ಕ ಮಾತ್ರ ನನ್ನ ಹತ್ತಿರ ಇದೆ. ನನಗೆ ಫ್ಲಶ್ ಇಲ್ಲ, ನಿಜ. ಆದರೆ ಅತಿ ದೊಡ್ಡ ಫ್ಲಶ್ ಬೇರೆ ಯಾರಿಗೂ ಇರಲು ಸಾಧ್ಯವಿಲ್ಲ ಅನ್ನುವುದು ನನಗೊಬ್ಬನಿಗೇ ಗೊತ್ತು. ಪಾಟ್ 100 ಇದ್ದಾಗ ಅವರು 100 ಹಾಕಿದರೆ, ನಾನು ಒಟ್ಟು 400ರವರೆಗೆ ರೈಸ್ ಮಾಡಬಹುದು. ಅವರ 100ಕ್ಕೆ ಸಮ ಕಟ್ಟಿದ ಮೇಲೆ ಪಾಟಿನಲ್ಲಿರುವ 300ರಷ್ಟು ಮಾತ್ರ ಏರಿಸಬಹುದು, ಪಾಟ್ ಲಿಮಿಟ್ ನಿಯಮ ಹಾಗೆ. ಚೆನ್ನಾಗಿ ಯೋಚಿಸಿ ಆಡುವವರಿಗೆ ಆ ಒತ್ತಡ ತಡೆದುಕೊಳ್ಳುವುದು ತುಂಬಾ ಕಷ್ಟ.

2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಪಾಸ್ ಮಾಡಿತು. ಈಗ ನಾನು ಆಡುವುದು ಪುಕ್ಕಟೆ ಚಿಪ್ಸ್‌ನ ಟೇಬಲ್‌ಗಳಲ್ಲಿ ಮಾತ್ರ. ಅಲ್ಲಿ ಕಳೆದುಕೊಳ್ಳಲು ಏನೂ ಇಲ್ಲದ್ದರಿಂದ ಜನ ಎಲೆ ಎಸೆಯುವುದೇ ಇಲ್ಲ. ಹಾಗಾಗಿ ಎಕ್ಕದ ಬ್ಲಫ್ ಬಿಟ್ಟಿದ್ದೇನೆ. ದೊಡ್ಡ ಸ್ಟ್ರೇಟ್‌ಗೆ, ದೊಡ್ಡ ಫ್ಲಶ್‌ಗೆ ಹೋಗುವ ಕೈಗಳನ್ನು ಮಾತ್ರ ಜೋರಾಗಿ ಆಡುತ್ತೇನೆ. ಬಟನ್‌ನಲ್ಲಿ ಮಾತ್ರ ಮೊದಲಿನಷ್ಟೇ ಲೂಸ್.