ದೂರದ ಹಟ್ಟಿಗೆ ಚರ್ಚ್‌ನಿಂದ ಸೇವೆ: ಒಂದು ವರ್ಷದ ಕೆಲಸ ಹೂಡುವ ಬಗೆ

ಡಿಸೆಂಬರ್ ಬಂತೆಂದರೆ ಕಂಬಳಿ ಹಂಚುವ ಉತ್ಸಾಹ ಎಲ್ಲ ಚರ್ಚ್‌ಗಳಲ್ಲೂ ಇರುತ್ತದೆ. ಆದರೆ ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಸೀಮೆಯ ಹಟ್ಟಿ, ತಾಂಡಾಗಳಲ್ಲಿ ಕಷ್ಟ ಹೆಚ್ಚುವುದು ಮಾರ್ಚ್‌ನಿಂದ ಜೂನ್‌ವರೆಗೆ. ಅಷ್ಟೊತ್ತಿಗೆ ಶೇಂಗಾ ಮಾರಿದ ದುಡ್ಡು ಕರಗಿರುತ್ತದೆ, ಬೋರ್‌ವೆಲ್ ಕೈಕೊಟ್ಟಿರುತ್ತದೆ, ದುಡಿಯುವವರು ಗುಳೆ ಹೋಗಿ ಮನೆಯಲ್ಲಿ ಮುದುಕರು, ಮಕ್ಕಳು ಮಾತ್ರ ಉಳಿದಿರುತ್ತಾರೆ. ಕಂಬಳಿ ಕೊಟ್ಟವರು ಆಗ ಕಾಣಿಸುವುದಿಲ್ಲ. ಅದಕ್ಕೇ ಈ ಕೆಲಸಕ್ಕೆ ಒಂದು ಲೆಕ್ಕ ಇಟ್ಟುಕೊಳ್ಳಿ: ಒಂದೇ ಊರು, ತಿಂಗಳಿಗೆ ಒಂದು ದಿನ, ಹನ್ನೆರಡು ತಿಂಗಳು ತಪ್ಪದೆ. ಹತ್ತು ಊರಿಗೆ ಒಂದೊಂದು ಸಲ ಹೋಗಿ ಬರುವುದರಲ್ಲಿ ಚರ್ಚ್‌ಗೆ ಫೋಟೊ ಸಿಗುತ್ತದೆ, ಊರಿನವರಿಗೆ ಏನೂ ಸಿಗುವುದಿಲ್ಲ.

ಊರು ಮತ್ತು ದಿನ

ನಿಮ್ಮ ಚರ್ಚ್‌ನಿಂದ ಒಂದೂವರೆ ಗಂಟೆಯ ದಾರಿಗಿಂತ ದೂರದ ಊರು ಹಿಡಿಯಬೇಡಿ. ಬೆಳಗಿನ ಆರಾಧನೆ ಮುಗಿಸಿ ಹತ್ತೂವರೆಗೆ ಹೊರಟರೆ ಹನ್ನೆರಡಕ್ಕೆ ತಲುಪಿ, ಕತ್ತಲಾಗುವ ಮೊದಲು ಮನೆ ಸೇರುವಂತಿರಬೇಕು. ಇದಕ್ಕಿಂತ ದೂರವಾದರೆ ಮೂರನೇ ತಿಂಗಳಿಗೇ ಜನ ಕಡಿಮೆಯಾಗುತ್ತಾರೆ. ನಲವತ್ತರಿಂದ ಅರವತ್ತು ಮನೆಯ ಹಟ್ಟಿಯಾದರೆ ಆರು ಜನರ ತಂಡಕ್ಕೆ ಸಾಕು. ಯಾವ ಊರು ಎಂಬುದನ್ನು ಆಶಾ ಕಾರ್ಯಕರ್ತೆಯರನ್ನು ಕೇಳಿ ತೀರ್ಮಾನಿಸಿ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ.

ಭಾನುವಾರ ನಮಗೆ ಅನುಕೂಲ, ಊರಿಗೆ ಅಲ್ಲ. ಬಿತ್ತನೆ, ಕಳೆ, ಕಟಾವಿನ ದಿನಗಳಲ್ಲಿ ಭಾನುವಾರವೂ ಹೊಲವೇ. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡದ ಪದ್ಧತಿ ಈ ಕಡೆ ಇನ್ನೂ ಉಳಿದಿದೆ. ಆ ದಿನ ಜನ ಮನೆಯಲ್ಲಿ ಸಿಗುತ್ತಾರೆ, ಪಂಚಾಯಿತಿ, ಬ್ಯಾಂಕ್, ಅಂಚೆ ಕಚೇರಿಯೂ ತೆರೆದಿರುತ್ತವೆ. ತಂಡದಲ್ಲಿ ನಿವೃತ್ತ ಶಿಕ್ಷಕರೋ ನರ್ಸೋ ಇದ್ದರೆ ಸೋಮವಾರವನ್ನೇ ಇಟ್ಟುಕೊಳ್ಳುವುದು ಜಾಣತನ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು, ಫೆಬ್ರವರಿಯ ಸೇವಾಲಾಲ್ ಜಯಂತಿ, ಊರಿನ ಮಾರಮ್ಮನ ಜಾತ್ರೆ ಇವನ್ನೆಲ್ಲ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಬಿಟ್ಟುಬಿಡಿ. ಸೆಪ್ಟೆಂಬರ್ 8ರ ಆಸುಪಾಸಿನ ವಾರವನ್ನೂ ಬಿಡಿ. ಆಗ ನಿಮ್ಮ ಸ್ವಯಂಸೇವಕರೆಲ್ಲ ಹರಿಹರದ ಆರೋಗ್ಯಮಾತೆಯ ಹಬ್ಬದಲ್ಲಿರುತ್ತಾರೆ.

ಮೊದಲ ಭೇಟಿಗೆ ಬರಿಗೈ

ಮೊದಲ ದಿನ ಏನನ್ನೂ ಒಯ್ಯಬೇಡಿ. ಇಬ್ಬರೇ ಹೋಗಿ. ಹಟ್ಟಿಯಾದರೆ ಯಜಮಾನ, ಪೂಜಾರಿ; ತಾಂಡಾ ಆದರೆ ನಾಯಕ, ಕಾರಭಾರಿ. ಇವರನ್ನು ಕಂಡು ಮಾತಾಡಿ: "ಯಜಮಾನ್ರೇ, ನಾವು ಚರ್ಚ್‌ನಿಂದ ಬಂದಿದೀವಿ. ತಿಂಗಳಿಗೊಂದು ದಿನ ಬಂದು ವಯಸ್ಸಾದೋರ ಪಿಂಚಣಿ, ಆಸ್ಪತ್ರೆ ಕೆಲಸಕ್ಕೆ ಓಡಾಡಿ ಕೊಡ್ತೀವಿ. ಮತದ ಮಾತು ಆಡಾಕಿಲ್ಲ. ನೀವು ಒಪ್ಪಿದ್ರೆ ಮಾತ್ರ ಬರ್ತೀವಿ." ಯಾರೆಂಬುದನ್ನು ಮುಚ್ಚಿಡಬೇಡಿ. ಆಮೇಲೆ ಬೇರೆಯವರ ಬಾಯಿಂದ ತಿಳಿದರೆ ಮಾಡಿದ ಕೆಲಸವೆಲ್ಲ ಅನುಮಾನಕ್ಕೆ ಗುರಿಯಾಗುತ್ತದೆ. ಅದೇ ವಾರ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ (ಪಿಡಿಒ) ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಒಂದೊಂದು ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಊರಿನ ನಡಾವಳಿ ಕೇಳಿ ತಿಳಿದುಕೊಳ್ಳಿ. ಗುಡಿಕಟ್ಟೆಯ ಹತ್ತಿರ ಚಪ್ಪಲಿ ಬಿಡಬೇಕೇ, ಗಾಡಿ ಎಲ್ಲಿ ನಿಲ್ಲಿಸಬೇಕು ಎಂಬುದು ಸಣ್ಣ ವಿಷಯವಲ್ಲ. ಮ್ಯಾಸನಾಯಕರು ಕೋಳಿ ತಿನ್ನುವುದಿಲ್ಲ. ಅವರ ಹಟ್ಟಿಗೆ ಚಿಕನ್ ಬಿರಿಯಾನಿ ಪೊಟ್ಟಣ ಒಯ್ದರೆ ಅದು ಊಟವಲ್ಲ, ಅವಮಾನ. ಬೇಸಿಗೆಯಲ್ಲಿ ದೇವರ ಎತ್ತುಗಳಿಗೆ ಮೇವು ಸಾಲದೆ ಅವನ್ನು ಕಾಯುವ ಕಿಲಾರಿಗಳು ಪರದಾಡುತ್ತಾರೆ. ಒಂದು ಟ್ರ್ಯಾಕ್ಟರ್ ಮೇವು ಕೊಡುವುದು ಆ ಊರಿಗೆ ನಿಜವಾದ ನೆರವು, ಅದಕ್ಕೆ ಹಿಂಜರಿಯಬೇಕಿಲ್ಲ. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಹೊರಗಿರಿಸುವ ರೂಢಿ ಇದೆ. ಮೊದಲ ತಿಂಗಳೇ ಅದರ ಮೇಲೆ ಭಾಷಣ ಮಾಡಿದರೆ ಬಾಗಿಲು ಮುಚ್ಚುತ್ತದೆ, ಆ ತಾಯಿಯನ್ನು ನೋಡುವ ದಾರಿಯೂ ಮುಚ್ಚುತ್ತದೆ. ತಂಡದ ಹೆಂಗಸರು ಆಶಾ ಜೊತೆ ಹೋಗಿ ಮಗು ಬೆಚ್ಚಗಿದೆಯೇ, ಮೊಲೆಹಾಲು ಕುಡಿಯುತ್ತಿದೆಯೇ, ತಾಯಿಗೆ ಜ್ವರವೋ ವಿಪರೀತ ರಕ್ತಸ್ರಾವವೋ ಇದೆಯೇ ನೋಡಲಿ. ಜ್ವರವೋ ರಕ್ತಸ್ರಾವವೋ ಇದ್ದರೆ ಕಾಯದೆ 108 ಆಂಬುಲೆನ್ಸ್‌ಗೆ ಕರೆ ಮಾಡಿ.

ಮನೆ ಭೇಟಿ, ನೋಟ್‌ಬುಕ್

ಆರು ಜನರಲ್ಲಿ ಕನಿಷ್ಠ ಇಬ್ಬರು ಹೆಂಗಸರು, ತೆಲುಗು ಅಥವಾ ಲಂಬಾಣಿ ಮಾತು ಬಲ್ಲ ಒಬ್ಬರು, ಅಕ್ಷರ ಚೆನ್ನಾಗಿರುವ ಒಬ್ಬರು ಇರಲೇಬೇಕು. ಮನೆಗೆ ಹೋಗುವುದು ಇಬ್ಬಿಬ್ಬರಾಗಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ ಸಂತ ವಿನ್ಸೆಂಟ್ ಡಿ ಪಾಲ್ ಸಭೆಯವರು ಇಂದಿಗೂ ಹೀಗೇ ಮಾಡುತ್ತಾರೆ, ಅದಕ್ಕೆ ಕಾರಣವೂ ಇದೆ: ಒಬ್ಬರು ಮಾತಾಡುವಾಗ ಇನ್ನೊಬ್ಬರು ಬರೆಯಬಹುದು, ದುಡ್ಡಿನ ವಿಷಯದಲ್ಲಿ ಯಾರೂ ಬೆರಳು ತೋರಿಸುವಂತಿಲ್ಲ. ಮಕ್ಕಳ ಜೊತೆ ಯಾರೂ ಒಬ್ಬರೇ ಇರಕೂಡದು. ಮಗುವಿನ ಮೇಲೆ ದೌರ್ಜನ್ಯದ ಸುಳಿವು ಸಿಕ್ಕರೆ ಊರಿನಲ್ಲೇ ರಾಜಿ ಮಾಡಿಸಲು ಹೋಗದೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ.

ಇನ್ನೂರು ಪುಟದ ನೋಟ್‌ಬುಕ್ ಒಂದು ಸಾಕು, ಮನೆಗೆ ಎರಡು ಪುಟ. ಎಡಪುಟದಲ್ಲಿ ಮನೆಯವರ ಹೆಸರು, ವಯಸ್ಸು, ಯಾರಿಗೆ ಯಾವ ಪಿಂಚಣಿ, ಯಾವ ಕಾಯಿಲೆ, ಯಾವ ಕಾಗದ ಇಲ್ಲ. ಬಲಪುಟದಲ್ಲಿ ದಿನಾಂಕ, ಏನು ಹೇಳಿ ಬಂದಿರಿ, ಯಾರು ಮಾಡಬೇಕು, ಆಯಿತೇ ಇಲ್ಲವೇ. ಜಾತಿ, ಮತ ಬರೆಯಬೇಡಿ. ಆಧಾರ್ ಸಂಖ್ಯೆಯನ್ನು ಬರೆದುಕೊಳ್ಳಬೇಡಿ, ಫೋಟೊ ಹೊಡೆದು ವಾಟ್ಸಾಪ್ ಗುಂಪಿಗಂತೂ ಹಾಕಲೇಬೇಡಿ. ಮುಂದಿನ ತಿಂಗಳು ಹೊರಡುವ ಮೊದಲು ಬಲಪುಟ ಓದಿಕೊಂಡು ಹೋಗಿ. "ಅಜ್ಜೀ, ಕಾಲುನೋವು ಹೆಂಗೈತೆ?" ಎಂದು ಕೇಳಿದರೆ ಅವರು ಮನಸ್ಸು ಬಿಚ್ಚಿ ಮಾತಾಡುವ ರೀತಿಯೇ ಬೇರೆ.

ದಿನಸಿ ಕಿಟ್‌ಗಿಂತ ಪಿಂಚಣಿ ದೊಡ್ಡದು

ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200 ರೂಪಾಯಿ, 65 ದಾಟಿದವರಿಗೆ. ವಿಧವಾ ವೇತನ 800. ನಿಂತುಹೋದ ಒಂದು ಸಂಧ್ಯಾ ಸುರಕ್ಷಾ ಪಿಂಚಣಿಯನ್ನು ಮತ್ತೆ ಶುರು ಮಾಡಿಸಿದರೆ ವರ್ಷಕ್ಕೆ 14,400 ರೂಪಾಯಿ ಆ ಮನೆಗೆ ಬರುತ್ತದೆ. ಯಾವ ಚರ್ಚ್ ತಾನೇ ಒಂದು ಮನೆಗೆ ಅಷ್ಟು ಕೊಡಲು ಸಾಧ್ಯ? ತಂಡದ ಅರ್ಧ ಸಮಯವನ್ನು ಇದಕ್ಕೇ ಮೀಸಲಿಡಿ.

ಪಿಂಚಣಿ ನಿಲ್ಲಲು ಸಾಮಾನ್ಯವಾಗಿ ಮೂರೇ ಕಾರಣ. ಆಧಾರ್ ಬೇರೆ ಯಾವುದೋ ಹಳೆಯ ಖಾತೆಗೆ ಜೋಡಣೆಯಾಗಿ ಹಣ ಅಲ್ಲಿಗೆ ಹೋಗುತ್ತಿರುತ್ತದೆ. ಖಾತೆಯಲ್ಲಿ ಬಹಳ ಕಾಲ ವ್ಯವಹಾರವಿಲ್ಲದೆ ಅದು ನಿಷ್ಕ್ರಿಯವಾಗಿರುತ್ತದೆ. ಇಲ್ಲವೇ ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು. ಮೊದಲು ಬ್ಯಾಂಕಿಗೆ ಹೋಗಿ ಆಧಾರ್ ಯಾವ ಖಾತೆಗೆ ಸೇರಿದೆ ಎಂದು ನೋಡಿಸಿ, ಆಮೇಲೆ ನಾಡಕಚೇರಿ. ಉಲ್ಟಾ ಮಾಡಿದರೆ ಎರಡು ಸಲ ಬಸ್ ಚಾರ್ಜು ದಂಡ. ನಡೆಯಲಾಗದವರಿಗೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು, ಬೆರಳಚ್ಚಿನ ಮೇಲೆ ಹಣ ಕೊಡುವ ವ್ಯವಸ್ಥೆ ಇದೆ, ಬಳಸಿಕೊಳ್ಳಿ.

ಬೆರಳಚ್ಚು ಹಿಡಿಯದಿರುವುದು ಇನ್ನೊಂದು ಗೋಳು. ಶೇಂಗಾ ಬಿಡಿಸಿ, ಕಲ್ಲು ಆಯ್ದು ಅಜ್ಜಿಯರ ಹೆಬ್ಬೆರಳಿನ ಗೆರೆ ಸವೆದು ನುಣ್ಣಗಾಗಿರುತ್ತದೆ. ಸೋಪು ಹಾಕಿ ಕೈ ತೊಳೆಸಿ, ಒರೆಸಿ, ಹೆಬ್ಬೆರಳು ಬಿಟ್ಟು ಉಂಗುರದ ಬೆರಳು, ಕಿರುಬೆರಳು ಇಟ್ಟು ನೋಡಿ. ಆಧಾರ್‌ನಲ್ಲಿ ಹತ್ತೂ ಬೆರಳು ದಾಖಲಾಗಿರುತ್ತವೆ. ಯಾವುದೂ ಹಿಡಿಯದಿದ್ದರೆ ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ನವೀಕರಣ ಮಾಡಿಸಿ.

ವಿಧವಾ ವೇತನಕ್ಕೆ ಗಂಡನ ಮರಣ ಪ್ರಮಾಣಪತ್ರ ಬೇಕು. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಸುಲಭ. ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಹೆಂಗಸರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವು ಉಚಿತ. ಅಂಗವಿಕಲರಿದ್ದರೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಜೊತೆಗೆ ಕರೆದುಕೊಳ್ಳಿ, ಅದು ಅವರದೇ ಕೆಲಸ.

ಬಿಪಿ, ಶುಗರ್

ಮಾತ್ರೆ ಕೊಡುವುದು ನಿಮ್ಮ ಕೆಲಸವಲ್ಲ. ಅಳೆದು, ಬರೆದು, ಆಸ್ಪತ್ರೆಗೆ ಮುಟ್ಟಿಸುವುದು ನಿಮ್ಮ ಕೆಲಸ. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಿ, ತೋಳು ಎದೆಯ ಮಟ್ಟಕ್ಕಿರಲಿ, ಪಟ್ಟಿಯನ್ನು ರವಿಕೆಯ ತೋಳಿನ ಮೇಲಲ್ಲ, ಬರಿ ತೋಳಿಗೆ ಸುತ್ತಿ. ಅಳೆಯುವಾಗ ಮಾತಾಡಿಸಬೇಡಿ. ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ. ಎರಡು ಸಲವೂ 140/90 ಅಥವಾ ಮೇಲಿದ್ದರೆ ಚೀಟಿ ಬರೆದುಕೊಟ್ಟು ಆರೋಗ್ಯ ಕೇಂದ್ರಕ್ಕೆ ಕಳಿಸಿ. 180/120 ದಾಟಿದ್ದರೆ ಅದೇ ದಿನ ನಿಮ್ಮ ಗಾಡಿಯಲ್ಲೇ ಕರೆದೊಯ್ಯಿರಿ. ಶುಗರ್ ನೋಡುವ ಪಟ್ಟಿಗಳಿಗೆ (ಸ್ಟ್ರಿಪ್) ಸಾಮಾನ್ಯವಾಗಿ 30 ಡಿಗ್ರಿಗಿಂತ ಹೆಚ್ಚಿನ ಬಿಸಿ ಆಗದು. ಏಪ್ರಿಲ್ ಬಿಸಿಲಲ್ಲಿ ಬೈಕಿನ ಬಾಕ್ಸಿನಲ್ಲಿ ಇಟ್ಟ ಡಬ್ಬಿಯ ಪಟ್ಟಿಗಳು ಸುಳ್ಳು ಅಂಕಿ ತೋರಿಸಬಹುದು. ಒದ್ದೆ ಬಟ್ಟೆ ಸುತ್ತಿದ ಡಬ್ಬದೊಳಗೆ ಇಡಿ, ಆದರೆ ಪಟ್ಟಿಗೆ ತೇವ ತಾಗದಂತೆ ಮುಚ್ಚಳ ಬಿಗಿಯಾಗಿರಲಿ.

ನೀರು

ಈ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಸಾಮಾನ್ಯ. ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ, ದೊಡ್ಡವರಿಗೆ ಸೊಂಟ, ಮಂಡಿ ಬಗ್ಗಿಸಲಾಗದ ಬಿಗಿತ ಕಂಡರೆ ನೀರು ಪರೀಕ್ಷಿಸಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1.5 ಕೊನೆಯ ಮಿತಿ. ಎರಡು ತಪ್ಪು ಪದೇ ಪದೇ ಆಗುತ್ತವೆ. ಕಾಯಿಸಿ ಕುಡಿಯಿರಿ ಎಂದು ಹೇಳುವುದು ಒಂದು: ಕಾಯಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ದಟ್ಟವಾಗುತ್ತದೆ. ಟಿಡಿಎಸ್ ಮೀಟರ್ ಅದ್ದಿ ನೀರು ಚೆನ್ನಾಗಿದೆ ಎನ್ನುವುದು ಇನ್ನೊಂದು: ಅದು ಕರಗಿದ ಲವಣವನ್ನೆಲ್ಲ ಒಟ್ಟಾಗಿ ಅಳೆಯುತ್ತದೆ, ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ. ಗಾಜಿನದು ಬೇಡ, ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ, ದಿನಾಂಕ, ಕೊಳವೆಬಾವಿಯ ಗುರುತು ಬರೆದು ಪ್ರಯೋಗಾಲಯಕ್ಕೆ ಕೊಡಿ. ವರದಿಯ ಪ್ರತಿಯನ್ನು ಪಿಡಿಒಗೆ ಕೊಟ್ಟು, ಕೆಟ್ಟು ನಿಂತ ಶುದ್ಧ ನೀರಿನ ಘಟಕ ರಿಪೇರಿಯಾಗುವವರೆಗೆ ಪ್ರತಿ ತಿಂಗಳು ಹೋಗಿ ಕೇಳಿ. ಚರ್ಚ್ ಹೊಸ ಘಟಕ ಕಟ್ಟಲು ಹೊರಡುವುದು ಬೇಡ, ಫಿಲ್ಟರ್ ಬದಲಿಸುವ ಖರ್ಚು ವರ್ಷವರ್ಷವೂ ಬರುತ್ತದೆ.

ದಿನಸಿ, ಹಣ

ಅಕ್ಕಿ ಪಡಿತರದಲ್ಲಿ ಬರುತ್ತದೆ, ಅದನ್ನು ಹೊತ್ತು ಹೋಗಬೇಡಿ. ಒಂಟಿ ಮುದುಕರ ಮನೆಗೆ ಏಪ್ರಿಲ್, ಮೇ, ಜೂನ್ ಮೂರು ತಿಂಗಳು ತಲಾ ತೊಗರಿಬೇಳೆ 2 ಕೆಜಿ, ಎಣ್ಣೆ 1 ಲೀಟರ್, ಬೆಲ್ಲ 1 ಕೆಜಿ, ಶೇಂಗಾ 1 ಕೆಜಿ, ಉಪ್ಪು, ಸೋಪು ಸಾಕು. ಸಾಲು ನಿಲ್ಲಿಸದೆ ಮನೆಗೇ ಮುಟ್ಟಿಸಿ. ಖರ್ಚಿಗೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಕಾಣಿಕೆಯನ್ನೋ ಸುಗ್ಗಿ ಹಬ್ಬದ ಹರಾಜಿನ ಹಣವನ್ನೋ ಬೇರೆ ತೆಗೆದಿಟ್ಟು, ಪ್ರತಿ ರೂಪಾಯಿಗೂ ರಶೀದಿ ಇಡಿ. ವಿದೇಶಿ ಪೌರತ್ವ ಪಡೆದ ಬಂಧು ಕಳಿಸುವ ಹಣ ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಚರ್ಚ್ ಅದನ್ನು ಮುಟ್ಟುವಂತಿಲ್ಲ.

ಚೀಲದ ಮೇಲೆ ಶಿಲುಬೆ, ವಾಕ್ಯ, ಚರ್ಚ್ ಹೆಸರು ಯಾವುದೂ ಬೇಡ. ಹಟ್ಟಿಯಲ್ಲಿ ಪ್ರಾರ್ಥನೆ ನಡೆಸಬೇಡಿ, ಪುಸ್ತಕ ಹಂಚಬೇಡಿ. ಹಸಿದವನ ಕೈಗೆ ಬೇಳೆ ಕೊಟ್ಟು ಅದೇ ಗಳಿಗೆಯಲ್ಲಿ ಅವನ ದೇವರ ಮಾತು ಎತ್ತಿದರೆ, ಅವನು ಹೇಳುವ ಹೌದು ಅವನದಾಗಿರುವುದಿಲ್ಲ. ಅದರಿಂದ ಬರುವ ಪೊಲೀಸ್ ದೂರು, ಊರ ಜಗಳದ ಪೆಟ್ಟು ಬೀಳುವುದೂ ಕೊನೆಗೆ ಆ ಪಿಂಚಣಿಯ ಅಜ್ಜಿಗೇ. ಪ್ರಾರ್ಥನೆ ಹೊರಡುವ ಮೊದಲು, ನಿಮ್ಮ ಚರ್ಚ್‌ನಲ್ಲಿ.

ಹೋಗಲಾಗದ ತಿಂಗಳು ಬಂದೇ ಬರುತ್ತದೆ. ಹಿಂದಿನ ಸಂಜೆಯೇ ಯಜಮಾನರಿಗೆ ಫೋನ್ ಮಾಡಿ, ಯಾವ ದಿನ ಬರುತ್ತೀರಿ ಎಂದು ಹೇಳಿ. ಪಿಂಚಣಿ ಕಾಗದ ಮಡಿಲಲ್ಲಿಟ್ಟುಕೊಂಡು ಅಜ್ಜಿ ಬೆಳಗಿನಿಂದ ಕಟ್ಟೆಯ ಮೇಲೆ ಕೂತಿರುತ್ತಾರೆ.