ಸಣ್ಣ ವ್ಯಾಪಾರದ ವೆಬ್‌ಸೈಟ್ ಪರಿಶೀಲನೆ: ಗಿರಾಕಿಯ ಫೋನಿನಿಂದ ಶುರು ಮಾಡಿ

ಶಿರಸಿಯ ಹೋಮ್‌ಸ್ಟೇ, ಕುಮಟಾದ ಉಪ್ಪಿನಕಾಯಿ ಘಟಕ, ಕಾರವಾರದ ಮೀನೂಟದ ಹೋಟೆಲ್. ಇಂಥವರು ಯಾರಾದರೂ ‘ನಮ್ಮ ವೆಬ್‌ಸೈಟ್ ಒಮ್ಮೆ ನೋಡಿ ಹೇಳಿ’ ಎಂದು ಕೇಳಿದರೆ ಹೆಚ್ಚಿನವರು ಬಣ್ಣ, ಲೋಗೋ, ಅಕ್ಷರದ ಅಂದದಿಂದ ಮಾತು ತೆಗೆಯುತ್ತಾರೆ. ಬಣ್ಣ ಹಿಡಿಸಲಿಲ್ಲವೆಂದು ಪುಟ ಮುಚ್ಚುವ ಗಿರಾಕಿ ಕಡಿಮೆ. ದರ ಸಿಗಲಿಲ್ಲ, ಫೋಟೋ ಬರಲಿಲ್ಲ, ನಂಬರ್ ಒತ್ತಿದರೆ ಕರೆ ಹೋಗಲಿಲ್ಲ ಎಂದು ಮುಚ್ಚುವವರೇ ಹೆಚ್ಚು. ಪರಿಶೀಲನೆಯೂ ಅದೇ ಕ್ರಮದಲ್ಲಿ ನಡೆಯಬೇಕು: ಮೊದಲು ಕೆಲಸ ಆಗುತ್ತದೆಯೇ, ಆಮೇಲೆ ಬರೆದದ್ದು ನಿಜವೇ, ಆಮೇಲೆ ಓದಲು ಬರುತ್ತದೆಯೇ. ಅಂದ ಕೊನೆಗೆ.

ಪುಟ ತೆರೆಯುವ ಮುಂಚೆ

ಮಾಲೀಕರನ್ನು ಮೂರು ಮಾತು ಕೇಳಿ. ನಿಮ್ಮ ಗಿರಾಕಿಗಳು ಎಲ್ಲಿಯವರು? ಪುಟ ನೋಡಿದ ಮೇಲೆ ಅವರು ಏನು ಮಾಡಬೇಕು, ಕರೆಯೋ, ವಾಟ್ಸಾಪೋ, ಅಲ್ಲೇ ಹಣ ಕಟ್ಟುವುದೋ? ಪುಟದಲ್ಲಿ ಏನಾದರೂ ಬದಲಿಸಬೇಕಾದರೆ ಬದಲಿಸುವವರು ಯಾರು? ಮೂರನೆಯದನ್ನು ಬಿಡಬೇಡಿ. ಅಳಿಯನೋ ಪರಿಚಯದ ಹುಡುಗನೋ ಮಾಡಿಕೊಟ್ಟ ಸೈಟಾಗಿದ್ದು ಈಗ ಅವನು ಬೆಂಗಳೂರಿನಲ್ಲಿದ್ದರೆ, ನೀವು ಬರೆದುಕೊಡುವ ಇಪ್ಪತ್ತು ಸಲಹೆಗಳಲ್ಲಿ ಎರಡೂ ಜಾರಿಯಾಗುವುದಿಲ್ಲ.

ಉತ್ತರ ಸಿಕ್ಕ ಮೇಲೆ ನಿಮಗೆ ನೀವೇ ಒಂದು ಗಿರಾಕಿಯ ಕೆಲಸ ಕೊಟ್ಟುಕೊಳ್ಳಿ. ಹೋಮ್‌ಸ್ಟೇ ಆದರೆ: ಡಿಸೆಂಬರ್ ಕೊನೆಯ ವಾರ, ಇಬ್ಬರು ದೊಡ್ಡವರು, ಒಂದು ಮಗು, ಎರಡು ರಾತ್ರಿ, ಊಟ ಸೇರಿ ಎಷ್ಟು? ಉಪ್ಪಿನಕಾಯಿ ಆದರೆ: ಒಂದು ಕೆಜಿ ಅಪ್ಪೆಮಿಡಿ ಹುಬ್ಬಳ್ಳಿಗೆ ಕಳಿಸಲು ಕೊರಿಯರ್ ಸೇರಿ ಎಷ್ಟು, ಎಷ್ಟು ದಿನ? ಹೋಟೆಲ್ ಆದರೆ: ಸೋಮವಾರ ರಾತ್ರಿ ಒಂಬತ್ತಕ್ಕೆ ತೆರೆದಿರುತ್ತದೆಯೇ?

ಈ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಬೇಡಿ. ಸಾಧಾರಣ ಬೆಲೆಯ ಆಂಡ್ರಾಯ್ಡ್ ಫೋನ್ ತೆಗೆದುಕೊಂಡು, ವೈಫೈ ಆರಿಸಿ, ಬ್ರೌಸರಿನ ಖಾಸಗಿ (ಇನ್‌ಕಾಗ್ನಿಟೊ) ಕಿಟಕಿಯಲ್ಲಿ ಪುಟ ತೆರೆಯಿರಿ. ಮಾಲೀಕರ ಫೋನಿನಲ್ಲಿ ಪುಟದ ಚಿತ್ರಗಳೆಲ್ಲ ಮೊದಲೇ ಉಳಿದಿರುವುದರಿಂದ ಅವರಿಗೆ ಸೈಟ್ ಯಾವಾಗಲೂ ವೇಗವಾಗಿಯೇ ಕಾಣುತ್ತದೆ; ಹೊಸಬರಿಗೆ ಹಾಗಲ್ಲ. ದೇವಿಮನೆ ಘಟ್ಟದಲ್ಲೋ ಅರಬೈಲಿನಲ್ಲೋ ಸಿಗ್ನಲ್ ಒಂದು ಕಡ್ಡಿಗೆ ಇಳಿದಾಗಲೇ ಪ್ರವಾಸಿ ‘ದಾರಿ ಎಲ್ಲಿ’ ಎಂದು ಈ ಪುಟ ತೆರೆಯುವುದು. ಅಲ್ಲಿಗೆ ಹೋಗಿ ನೋಡಲಾಗದಿದ್ದರೆ ಮಾತ್ರ ಕಂಪ್ಯೂಟರಿನಲ್ಲಿ, ಕ್ರೋಮ್ ಬ್ರೌಸರಿನ ಡೆವಲಪರ್ ಟೂಲ್ಸ್ (ಸೈಟ್ ಮಾಡುವವರು ಬಳಸುವ ಸಲಕರಣೆ) ತೆರೆದು ನೆಟ್‌ವರ್ಕ್ ವಿಭಾಗದಲ್ಲಿ ‘ಸ್ಲೋ 4ಜಿ’ ಆಯ್ದು ಪರದೆಯ ಅಗಲವನ್ನು 360 ಪಿಕ್ಸೆಲ್‌ಗೆ ಇಳಿಸಿ.

ಎಷ್ಟು ಸಲ ಒತ್ತಬೇಕಾಯಿತು, ಎಲ್ಲಿ ಹಿಂದೆ ಬರಬೇಕಾಯಿತು ಎಂದು ಬರೆದುಕೊಳ್ಳಿ. ಸೈಟನ್ನು ಎಂದೂ ನೋಡದ ಒಬ್ಬರಿಗೆ ಅದೇ ಕೆಲಸ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕುಳಿತು, ಅವರ ಬೆರಳು ಎಲ್ಲಿ ತಡೆಯುತ್ತದೆ ಎಂದು ನೋಡಿದರೆ ಇನ್ನೂ ಒಳ್ಳೆಯದು. ‘ಮೇಲೆ ಇದೆ ನೋಡಿ’ ಎಂದು ಬಾಯಿ ಬಿಟ್ಟರೆ ಪರೀಕ್ಷೆ ಅಲ್ಲಿಗೆ ಮುಗಿಯಿತು.

ವೇಗ ಮತ್ತು ಚಿತ್ರ

ಪುಟದ ವೇಗ ಅಳೆಯುವ ಗೂಗಲ್‌ನ ಸಲಕರಣೆ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಸೈಟಿನ ವಿಳಾಸ ಹಾಕಿ. ಗೂಗಲ್ ಇಟ್ಟಿರುವ ಮಿತಿ ಹೀಗಿದೆ: ಪುಟದ ಮುಖ್ಯ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಪುಟ ಕುಣಿಯುವ (ತೆರೆಯುವಾಗ ಬರಹ, ಚಿತ್ರ ಜಾಗ ಬದಲಿಸುವ) ಅಳತೆ 0.1 ಮೀರಬಾರದು. ಸಣ್ಣ ಸೈಟಿಗೆ ಬರುವ ಜನ ಕಡಿಮೆ ಇರುವುದರಿಂದ ನಿಜವಾದ ಬಳಕೆದಾರರ ಅಂಕಿಅಂಶದ ಜಾಗ ಹೆಚ್ಚಾಗಿ ಖಾಲಿ ಇರುತ್ತದೆ. ಕೆಳಗೆ ಕಾಣುವುದು ಆ ಸಲಕರಣೆಯೇ ಪುಟ ತೆರೆದು ಅಳೆದ ಪ್ರಯೋಗದ ಅಂಕೆ ಮಾತ್ರ. ನೂರಕ್ಕೆ ನೂರು ತರಿಸುವ ಹಟ ಬೇಡ. ಯಾವ ಫೈಲ್ ಭಾರವಾಗಿದೆ ಎಂಬ ಪಟ್ಟಿ ಅಲ್ಲೇ ಇರುತ್ತದೆ, ಬೇಕಾದದ್ದು ಅದು.

ಭಾರದ ಮೂಲ ಬಹುತೇಕ ಒಂದೇ. ಫೋನಿನಲ್ಲಿ ತೆಗೆದ 4000 ಪಿಕ್ಸೆಲ್ ಅಗಲದ, ಮೂರು ನಾಲ್ಕು ಎಂಬಿಯ ಫೋಟೋವನ್ನು ಹಾಗೇ ಏರಿಸಿರುತ್ತಾರೆ. 1200ರಿಂದ 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ಬದಲಿಸಿ, 200 ಕೆಬಿಯೊಳಗೆ ಇಟ್ಟರೆ ಫೋನಿನ ಪರದೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಚಿತ್ರದ ಅಗಲ ಎತ್ತರಗಳನ್ನು ಕೋಡ್‌ನಲ್ಲಿ ನಮೂದಿಸದಿದ್ದರೆ ಚಿತ್ರ ಬಂದಾಗ ಬರಹ ಕೆಳಗೆ ಜಾರುತ್ತದೆ. ‘ಕರೆ ಮಾಡಿ’ ಒತ್ತಲು ಹೋದವರ ಬೆರಳು ಬೇರೇನಕ್ಕೋ ತಾಗುತ್ತದೆ. ಮೇಲ್ಭಾಗದಲ್ಲಿ ತಿರುಗುವ ಐದು ಚಿತ್ರಗಳಿದ್ದರೆ ನಾಲ್ಕನ್ನು ತೆಗೆಯಲು ಹೇಳಿ. ಐದೂ ಇಳಿಯಬೇಕು, ನೋಡುವುದು ಮೊದಲನೆಯದನ್ನು ಮಾತ್ರ.

ಚಿತ್ರದಲ್ಲಿ ಏನಿದೆ ಎನ್ನುವುದಕ್ಕೂ ಅಷ್ಟೇ ಗಮನ ಬೇಕು. ಸೆಪ್ಟೆಂಬರಿನಲ್ಲಿ ತುಂಬಿ ಧುಮುಕುವ ಜಲಪಾತದ ಫೋಟೋ ತೋರಿಸಿ ಏಪ್ರಿಲ್‌ಗೆ ಬುಕ್ಕಿಂಗ್ ತೆಗೆದುಕೊಂಡರೆ ಬಂದವರು ಬೈದು ಹೋಗುತ್ತಾರೆ. ಫೋಟೋದ ಕೆಳಗೆ ತಿಂಗಳು ಬರೆಯಲು ಹೇಳಿ. ಕೇರಳದ ಹಿನ್ನೀರಿನ ಹೌಸ್‌ಬೋಟ್ ಚಿತ್ರ ಹಾಕಿದ ಮಲೆನಾಡಿನ ಹೋಮ್‌ಸ್ಟೇ ತನ್ನ ಉಳಿದ ನಿಜವಾದ ಫೋಟೋಗಳ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ. ಹೋಮ್‌ಸ್ಟೇಗೆ ಸೂರ್ಯಾಸ್ತಕ್ಕಿಂತ ಮುಖ್ಯವಾದ ಫೋಟೋಗಳು ಮೂರು: ಮಲಗುವ ಕೋಣೆ, ಬಚ್ಚಲು, ಮನೆಗೆ ಬರುವ ಕೊನೆಯ ಅರ್ಧ ಕಿಲೋಮೀಟರ್ ರಸ್ತೆ.

ಕನ್ನಡ ಅಕ್ಷರ

ಇಲ್ಲಿಯ ಸೈಟುಗಳಲ್ಲಿ ಹೆಚ್ಚು ಕೆಟ್ಟಿರುವುದು, ಪರಿಶೀಲಿಸುವವರು ಕಡಿಮೆ ನೋಡುವುದು, ಇದನ್ನೇ. ಸೈಟ್ ಮಾಡಲು ಬಳಸುವ ಸಿದ್ಧ ಅಚ್ಚುಗಳು, ಅಂದರೆ ಟೆಂಪ್ಲೇಟುಗಳು, ಇಂಗ್ಲಿಷ್ ಅಕ್ಷರಕ್ಕೆ ಅಳೆದು ಮಾಡಿದವು. ಕನ್ನಡ ತುಂಬಿದಾಗ ಏನಾಯಿತು ಎಂದು ಸಾಲು ಸಾಲಾಗಿ ನೋಡಬೇಕು.

ಮೊದಲು ಬರಹ ಯೂನಿಕೋಡ್ (ಎಲ್ಲ ಫೋನು, ಕಂಪ್ಯೂಟರಿಗೂ ತಿಳಿಯುವ ಅಕ್ಷರಸಂಕೇತ) ಹೌದೋ ಅಲ್ಲವೋ ತಿಳಿಯಿರಿ. ಪುಟದ ಒಂದು ಸಾಲನ್ನು ನಕಲಿಸಿ ವಾಟ್ಸಾಪ್‌ನಲ್ಲಿ ಅಂಟಿಸಿ. ಕನ್ನಡವೇ ಬಂದರೆ ಸರಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದರೆ ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದಲ್ಲಿ ಹಳೆಯ ಕ್ರಮದಲ್ಲಿ ಟೈಪಿಸಿದ, ಯೂನಿಕೋಡ್ ಅಲ್ಲದ ಪಠ್ಯ. ಅದು ಹುಡುಕಾಟದಲ್ಲಿ ಸಿಗುವುದಿಲ್ಲ, ಆ ಫಾಂಟ್ ಇಲ್ಲದ ಫೋನಿನಲ್ಲಿ ಕನ್ನಡವಾಗಿ ಕಾಣುವುದೂ ಇಲ್ಲ. ಪರಿವರ್ತಕದಿಂದ ಬದಲಿಸಿದ ಮೇಲೂ ಒಮ್ಮೆ ಪೂರ್ತಿ ಓದಿ. ‘ಕಾರ್ಯ’, ‘ಮಾರ್ಗ’ದಂಥ ಪದಗಳಲ್ಲಿ ಅರ್ಕಾವೊತ್ತು ಜಾಗ ತಪ್ಪಿರುತ್ತದೆ. ಅಲ್ಲಲ್ಲಿ ದೀರ್ಘ ಬಿಟ್ಟುಹೋಗಿರುತ್ತದೆ.

ಆಮೇಲೆ ಸಾಲುಗಳ ಅಂತರ. ಇಂಗ್ಲಿಷಿಗೆ ಅಕ್ಷರದ ಗಾತ್ರದ 1.3 ಅಥವಾ 1.4 ಪಟ್ಟು ಇದ್ದರೆ ಸಾಕಾಗುತ್ತದೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. 1.6ರಿಂದ 1.8 ಕೊಡಿ, ಅಕ್ಷರದ ಗಾತ್ರ 17–18 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ಎತ್ತರ ನಿಗದಿಯಾದ ಬಟನ್ನುಗಳನ್ನು ಒಂದೊಂದಾಗಿ ನೋಡಿ: ‘ಬುಕ್ಕಿಂಗ್’, ‘ಉತ್ಪನ್ನಗಳು’ ಎಂಬಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿಹೋಗಿರುವುದು ಸಾಮಾನ್ಯ. ಶೀರ್ಷಿಕೆಗಳಿಗೆ ಟೆಂಪ್ಲೇಟ್ ಕೊಟ್ಟ ಅಕ್ಷರಗಳ ನಡುವಿನ ಹೆಚ್ಚುವರಿ ಅಂತರವನ್ನು ಸೊನ್ನೆ ಮಾಡಿ, ಇಲ್ಲವಾದರೆ ಪದ ಬಿಡಿಬಿಡಿಯಾಗಿ ಚೆದುರುತ್ತದೆ. ಎರಡೂ ಅಂಚು ಸಮ ಮಾಡುವ ಜೋಡಣೆ ಬೇಡ. ನಮ್ಮ ಪದಗಳು ಉದ್ದ, ಫೋನಿನ ಸಾಲು ಗಿಡ್ಡ, ನಡುವೆ ದೊಡ್ಡ ಕಂಡಿಗಳು ಬೀಳುತ್ತವೆ.

ಫಾಂಟ್ ನೋಟೋ ಸಾನ್ಸ್ ಕನ್ನಡದಂಥದ್ದಾದರೆ ದಪ್ಪ, ತೆಳು ಎಲ್ಲ ಸಿಗುತ್ತವೆ. ಆದರೆ ಎರಡೇ ತೂಕ (ದಪ್ಪದ ಬಗೆ) ಸಾಕು, ಪ್ರತಿ ಹೆಚ್ಚುವರಿ ತೂಕವೂ ಇಳಿಸಿಕೊಳ್ಳಬೇಕಾದ ಇನ್ನೊಂದು ಫೈಲ್ ಆಗಬಹುದು. ಪುಟದ ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ. ಕನ್ನಡದಲ್ಲಿ ಕೊಟ್ಟರೆ ವಿಳಾಸ ನಕಲಿಸಿದಾಗ ಒಂದೊಂದು ಅಕ್ಷರಚಿಹ್ನೆಯೂ ಶೇಕಡಾ ಗುರುತು ಸೇರಿ ಒಂಬತ್ತು ಚಿಹ್ನೆಗಳಾಗುತ್ತದೆ, ವಾಟ್ಸಾಪ್‌ನಲ್ಲಿ ಕಳಿಸಿದಾಗ ಅರ್ಧ ಪರದೆ ತುಂಬುತ್ತದೆ, ನೋಡಿದವರು ಮೋಸದ ಲಿಂಕ್ ಎಂದು ಹೆದರುತ್ತಾರೆ.

ಬಣ್ಣದ ಮಾತು ಇಲ್ಲಿಗೆ ಬರಲಿ. ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ ಇರಬೇಕು, ದೊಡ್ಡ ಅಕ್ಷರಕ್ಕೆ 3:1 ಸಾಕು. ಉಚಿತ ಕಾಂಟ್ರಾಸ್ಟ್ ಚೆಕರ್‌ಗಳಲ್ಲಿ ಎರಡು ಬಣ್ಣದ ಸಂಕೇತ ಹಾಕಿದರೆ ಗೊತ್ತಾಗುತ್ತದೆ. ಅಡಿಕೆ ತೋಟದ ಫೋಟೋ ಮೇಲೆ ಬಿಳಿ ಅಕ್ಷರ ಹಾಕುವುದು ಇಲ್ಲಿಯ ರೂಢಿ. ಬಿಸಿಲು ಬಿದ್ದ ಕಡೆ ಆ ಅಕ್ಷರ ಕರಗಿಹೋಗುತ್ತದೆ. ಫೋನನ್ನು ಮಧ್ಯಾಹ್ನ ಅಂಗಳಕ್ಕೆ ಒಯ್ದು ಓದಿ ನೋಡಿ.

ಸಂಪರ್ಕ

ವಿಸಿಟಿಂಗ್ ಕಾರ್ಡಿನ ಚಿತ್ರ ಹಾಕಿ ಕೈಬಿಟ್ಟಿದ್ದರೆ ನಂಬರ್ ಒತ್ತಲಾಗುವುದಿಲ್ಲ, ನಕಲಿಸಲೂ ಆಗುವುದಿಲ್ಲ. ನಂಬರ್ ಅಕ್ಷರರೂಪದಲ್ಲಿದ್ದು ಕರೆ ಲಿಂಕ್ ಆಗಿರಬೇಕು. ವಾಟ್ಸಾಪ್ ಲಿಂಕಿನಲ್ಲಿ 91 ಆದ ಮೇಲೆ ನೇರ ಹತ್ತು ಅಂಕಿ ಬರಬೇಕು. ನಡುವೆ ಸೊನ್ನೆ, ಅಡ್ಡಗೆರೆ, ಪ್ಲಸ್ ಗುರುತು ಇದ್ದರೆ ಕೆಲಸ ಕೆಡುತ್ತದೆ. ಒತ್ತಿ ನೋಡದೆ ಇದು ಗೊತ್ತಾಗುವುದಿಲ್ಲ. ಬಟನ್ನಿನ ಒತ್ತುವ ಜಾಗ 48 ಪಿಕ್ಸೆಲ್ ಎತ್ತರವಿದ್ದರೆ ದೊಡ್ಡ ಬೆರಳಿಗೂ ಸಿಗುತ್ತದೆ. ಸಂಪರ್ಕ ಫಾರ್ಮ್ ಇದ್ದರೆ ನಿಜವಾದ ಸಂದೇಶ ಕಳಿಸಿ, ತಲುಪಿತೇ ಎಂದು ಮಾಲೀಕರನ್ನೇ ಕೇಳಿ. ಎಷ್ಟೋ ಫಾರ್ಮ್‌ಗಳ ಸಂದೇಶ ಯಾರೂ ತೆರೆಯದ ಹಳೆಯ ಇಮೇಲ್‌ಗೆ ಹೋಗುತ್ತಿರುತ್ತದೆ.

ಬರೆದದ್ದು ನಿಜವೇ

ಪುಟದಲ್ಲಿರುವ ಪ್ರತಿ ಸಂಗತಿಗೂ ಗುರುತು ಹಾಕುತ್ತಾ ಹೋಗಿ: ದೂರ, ದಿನಾಂಕ, ದರ, ತೂಕ, ಹೆಗ್ಗಳಿಕೆ.

ಶಿರಸಿಯ ಹೋಮ್‌ಸ್ಟೇ ‘ಗೋಕರ್ಣಕ್ಕೆ ಹತ್ತಿರ’ ಎಂದು ಬರೆದರೆ ತಿದ್ದಿಸಿ. ಕುಮಟಾಕ್ಕೇ ಸುಮಾರು 60 ಕಿ.ಮೀ., ನಡುವೆ ಘಟ್ಟ. ಕಿಲೋಮೀಟರ್ ಜೊತೆಗೆ ಕಾರಿನಲ್ಲಿ ಹಿಡಿಯುವ ಸಮಯವನ್ನೂ ಬರೆಯಬೇಕು, ಮಳೆಗಾಲದಲ್ಲಿ ಹೆಚ್ಚಾಗುತ್ತದೆ ಎಂಬುದನ್ನೂ. ಶಿರಸಿಗೆ ರೈಲಿಲ್ಲ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಯಾವ ನಿಲ್ದಾಣದಲ್ಲಿ ಇಳಿದು ಹೇಗೆ ಬರಬೇಕೆಂದು ಹೇಳಲೇಬೇಕು. ಗೋಕರ್ಣ ರೋಡ್ ನಿಲ್ದಾಣ ಪಟ್ಟಣದೊಳಗಿಲ್ಲ, ಆದ್ದರಿಂದ ‘ನಿಲ್ದಾಣದಿಂದ ನಡೆದೇ ಬರಬಹುದು’ ಎಂದು ಕಡಲತೀರದ ಕೋಣೆಯವರು ಬರೆಯುವಂತಿಲ್ಲ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ‘ಪ್ರತಿ ವರ್ಷ’ ಎಂದಿದ್ದರೆ ಆ ಬರಹ ಎಲ್ಲಿಂದಲೋ ಎತ್ತಿ ತಂದದ್ದೆಂದು ಊರಿನವರಿಗೆ ತಕ್ಷಣ ತಿಳಿಯುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ‘ವರ್ಷವಿಡೀ ಅಂದಂದೇ ಬಂದ ಇಸ್ವಾಣ ಮೀನು’ ಎಂದು ಬರೆದ ಹೋಟೆಲಿಗೆ ಈ ಎರಡು ತಿಂಗಳು ಏನು ಸಿಗುತ್ತದೆ ಎಂದು ಬರೆಯಲು ಹೇಳಿ. ಹೊಳೆ ಮೀನು, ಒಣಮೀನು, ಚಿಪ್ಪೆಕಲ್ಲು ಸಿಗುತ್ತದೆ ಎಂದರೆ ಅದನ್ನೇ ಹುಡುಕಿಕೊಂಡು ಬರುವವರಿದ್ದಾರೆ.

ತಿನ್ನುವ ಪದಾರ್ಥ ಮಾರುವವರಲ್ಲಿ ಇನ್ನೂ ಎಚ್ಚರ ಬೇಕು. ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಕೊಡುವ 14 ಅಂಕಿಯ ಸಂಖ್ಯೆ ಇದೆಯೇ, ಪೊಟ್ಟಣದ ಮೇಲಿನದಕ್ಕೆ ಹೊಂದುತ್ತದೆಯೇ ನೋಡಿ. ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ದೂರು ಹೇಳುವ ವಿಳಾಸ ಉತ್ಪನ್ನದ ಪುಟದಲ್ಲೇ ಇರಲಿ. ‘ಮುರುಗಲು ಶರಬತ್ತು ಸಕ್ಕರೆ ಕಾಯಿಲೆ ಗುಣಪಡಿಸುತ್ತದೆ’ ಎಂಬಂಥ ಸಾಲು ಕಂಡರೆ ನಿಮ್ಮ ವರದಿಯ ಮೊದಲ ಸಾಲು ಅದೇ ಆಗಬೇಕು. ಆಹಾರ ಜಾಹೀರಾತಿನ 2018ರ ನಿಯಮಗಳ ಪ್ರಕಾರ ಆಹಾರ ಪದಾರ್ಥ ರೋಗ ವಾಸಿ ಮಾಡುತ್ತದೆಂದು ಹೇಳಿಕೊಳ್ಳುವಂತಿಲ್ಲ. ಶಿರಸಿ ಸುಪಾರಿಗೆ 2019ರಲ್ಲಿ, ಅಂಕೋಲಾದ ಕರಿ ಇಶಾಡಿ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಆದರೆ ಆ ಮಾನ್ಯತೆಯನ್ನು ತನ್ನ ಸರಕಿನ ಮೇಲೆ ಹಾಕಿಕೊಳ್ಳುವ ಹಕ್ಕು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಂಡವರಿಗೆ. ಗುರುತು ಕಂಡರೆ ನೋಂದಣಿ ಪತ್ರ ಕೇಳಿ.

ಲೇಖನಗಳಿದ್ದರೆ ಮೂರನ್ನು ಆರಿಸಿ: ಹೊಸದು, ಹಳೆಯದು, ಹೆಚ್ಚು ಜನ ಓದಿದ್ದು. ಪ್ರತಿಯೊಂದರಲ್ಲೂ ಒಂದೇ ಪ್ರಶ್ನೆ ಕೇಳಿ: ಈ ಮಾಲೀಕರಿಗಷ್ಟೇ ಗೊತ್ತಿರುವ ಸಂಗತಿ ಇದರಲ್ಲಿ ಏನಿದೆ? ‘ಅಪ್ಪೆಮಿಡಿ ಮಲೆನಾಡಿನ ಹೆಮ್ಮೆ’ ಎಂಬುದನ್ನು ಯಾರೂ ಬರೆಯಬಹುದು. ಮಿಡಿ ಎಷ್ಟು ದಿನ ಉಪ್ಪಿನಲ್ಲಿರಬೇಕು, ತೊಟ್ಟು ಮುರಿದ ಮಿಡಿ ಯಾಕೆ ಬೇಗ ಮೆತ್ತಗಾಗುತ್ತದೆ, ಬಾಟಲಿ ತೆರೆದ ಮೇಲೆ ಒದ್ದೆ ಚಮಚ ಹಾಕಿದರೆ ಏನಾಗುತ್ತದೆ ಎಂಬುದನ್ನು ಹಾಕಿ ಕಂಡವರೇ ಬರೆಯಬೇಕು, ಓದುಗರು ಉಳಿಸಿಟ್ಟುಕೊಳ್ಳುವುದೂ ಅದನ್ನೇ. ಅನುಮಾನ ಬಂದ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿದರೆ ಕದ್ದದ್ದಾದರೆ ಮೂಲ ಸಿಗಬಹುದು. ಮುರುಗಲನ್ನು ಕೋಕಂ ಎಂದೂ ಪುನರ್ಪುಳಿ ಎಂದೂ ಹುಡುಕುವವರಿದ್ದಾರೆ, ಮೂರೂ ಹೆಸರು ಪುಟದಲ್ಲಿರಲಿ. ಪುಟದ ಶೀರ್ಷಿಕೆ 60 ಅಕ್ಷರದ ಆಸುಪಾಸಿನಲ್ಲಿರಲಿ, ಗೂಗಲ್ ಮ್ಯಾಪ್‌ನ ನಂಬರ್ ಮತ್ತು ವೇಳೆ ಸೈಟಿನದಕ್ಕೆ ಹೊಂದಲಿ. ಹುಡುಕಾಟದ ಮಟ್ಟಿಗೆ ಸಣ್ಣ ವ್ಯಾಪಾರಕ್ಕೆ ಮೊದಲ ಸುತ್ತಿನಲ್ಲಿ ಇಷ್ಟು ಸಾಕು.

ವರದಿ

ಏಳು ಅಂಶ ಮೀರಬೇಡಿ. ಕ್ರಮ ಹೀಗಿರಲಿ: ಕಾನೂನಿಗೆ ಅಥವಾ ನಿಜಕ್ಕೆ ವಿರುದ್ಧವಾದದ್ದು, ಸಂಪರ್ಕ ತಡೆಯುವಂಥದ್ದು, ನಿಧಾನ, ಓದಲು ಕಷ್ಟವಾದದ್ದು, ಕೊನೆಗೆ ಅಂದ. ‘ಆಕರ್ಷಕವಾಗಿಲ್ಲ’ ಎಂದು ಬರೆದರೆ ಯಾರೂ ಏನೂ ಮಾಡಲಾರರು. ‘ಕೋಣೆಗಳ ಪುಟದಲ್ಲಿ ದರವಿಲ್ಲ, ದರ ತಿಳಿಯಲು ಮೂರು ಸಲ ಒತ್ತಿ ಪಿಡಿಎಫ್ ಇಳಿಸಬೇಕು, ಪ್ರತಿ ಕೋಣೆಯ ಫೋಟೋ ಕೆಳಗೇ ದರ, ಊಟ ಸೇರಿದೆಯೋ ಇಲ್ಲವೋ ಬರೆಯಿರಿ, ಹತ್ತು ನಿಮಿಷದ ಕೆಲಸ, ನೀವೇ ಮಾಡಬಹುದು’ ಎಂದು ಬರೆಯಿರಿ. ಪ್ರತಿ ಅಂಶಕ್ಕೂ ಫೋನಿನ ಸ್ಕ್ರೀನ್‌ಶಾಟ್ ಸೇರಿಸಿ. ಚೆನ್ನಾಗಿರುವುದನ್ನೂ ಹೆಸರಿಸಿ ಬರೆಯಿರಿ, ಇಲ್ಲದಿದ್ದರೆ ಹೊಸದಾಗಿ ಮಾಡುವವರು ಅದನ್ನೇ ಮೊದಲು ತೆಗೆದುಹಾಕುತ್ತಾರೆ. ತಿದ್ದುಪಡಿ ಮುಗಿದ ಮೇಲೆ ಅದೇ ಫೋನಿನಲ್ಲಿ ಅದೇ ಗಿರಾಕಿಯ ಕೆಲಸ ಮತ್ತೊಮ್ಮೆ ಮಾಡಿ ನೋಡಬೇಕು. ಹೋಮ್‌ಸ್ಟೇಗಳಿಗೆ ಇದು ಸೆಪ್ಟೆಂಬರ್‌ನೊಳಗೆ, ಮಾವಿನವರಿಗೆ ಮಾರ್ಚ್‌ನೊಳಗೆ ಮುಗಿದಿರಲಿ.

ವರದಿಯ ಜೊತೆ ಇನ್ನೊಂದು ಚೀಟಿ ಕೊಡಿ: ಡೊಮೇನ್ (ಸೈಟಿನ ನೋಂದಾಯಿತ ವಿಳಾಸ) ಯಾರ ಹೆಸರಿನಲ್ಲಿದೆ, ಯಾವ ಇಮೇಲ್‌ಗೆ ಕಟ್ಟಿಕೊಂಡಿದೆ, ಯಾವ ದಿನ ಅವಧಿ ಮುಗಿಯುತ್ತದೆ, ಪಾಸ್‌ವರ್ಡ್ ಯಾರ ಬಳಿ ಇದೆ. ನಾಲ್ಕರಲ್ಲಿ ಒಂದಕ್ಕಾದರೂ ಮಾಲೀಕರಿಗೆ ಉತ್ತರ ಗೊತ್ತಿಲ್ಲದಿದ್ದರೆ ಬಣ್ಣ, ಫಾಂಟ್ ಎಲ್ಲ ಬದಿಗಿಟ್ಟು ಮೊದಲು ಡೊಮೇನನ್ನು ಅವರ ಹೆಸರಿಗೆ, ಅವರ ಇಮೇಲ್‌ಗೆ ಮಾಡಿಸಿ.